ನಿಮಗಿದು ಗೊತ್ತೆ? ನೋಡು, ವಿವೇಚಿಸು, ಕಾರ್ಯಕ್ಕಿಳಿ
ಪ್ರೌಢಶಾಲಾ ಮಕ್ಕಳ ಕ್ರೈಸ್ತ ಸಂಘಟನೆ ವೈಸಿಎಸ್‌, ಅಂದರೆ ಯಂಗ್ ಕ್ರಿಶ್ಚಿಯನ್ ಸ್ಟೂಡೆಂಟ್ಸ್, ಭಾರತದಲ್ಲಿ ವೈಎಸ್‌ಎಂ ಎಂಬ ಇನ್ನೊಂದು ಹೆಸರನ್ನೂ ಜೊತೆಗಿಟ್ಟುಕೊಂಡಿದೆ. ಯಂಗ್ ಸ್ಟೂಡೆಂಟ್ಸ್ ಮೂವ್‌ಮೆಂಟ್ ಎಂಬ ಈ ಹೆಸರಿನಡಿ ಬೇರೆ ಧರ್ಮದ ಮಕ್ಕಳೂ ಸೇರಬಹುದು. ಎಷ್ಟು ಒಳ್ಳೆಯ ಏರ್ಪಾಡು!

ಬೆಲ್ಜಿಯಂನ ಪಾದ್ರಿ ಜೋಸೆಫ್ ಕಾರ್ಡೈನ್ 1925ರ ಹೊತ್ತಿಗೆ ಕಟ್ಟಿದ ಯುವ ಕಾರ್ಮಿಕರ ಸಂಘಟನೆಯೇ ವೈಸಿಎಸ್‌ನ ಬೇರು. ‘ನೋಡು, ವಿವೇಚಿಸು, ಕಾರ್ಯಕ್ಕಿಳಿ’ ಎಂಬ ಅವರ ಕ್ರಮವನ್ನು 1961ರಲ್ಲಿ ಪೋಪ್ 23ನೇ ಜಾನ್ ತಮ್ಮ ವಿಶ್ವಪತ್ರದಲ್ಲೇ ಎತ್ತಿಹಿಡಿದರು.

ಈ ಕ್ರಮ ನಮ್ಮ ಕಡೆಯೂ ನೆರವಾಗಬಲ್ಲದು. ಯಾದಗಿರಿ, ಶಹಾಪುರ, ಸುರಪುರಗಳು 2005ರಲ್ಲಿ ರಚನೆಯಾದ ಕಲಬುರಗಿ ಧರ್ಮಪ್ರಾಂತ್ಯದ ವ್ಯಾಪ್ತಿಯಲ್ಲಿವೆ. ಅಪ್ಪ, ಅವ್ವ ಗುಳೆ ಹೊರಟಾಗ ಇಲ್ಲಿ ಎಷ್ಟೋ ಮಕ್ಕಳ ಓದು ಅರ್ಧಕ್ಕೇ ನಿಲ್ಲುತ್ತದೆ. ಸಹಪಾಠಿ ಶಾಲೆಗೆ ಬರುತ್ತಿಲ್ಲವೆಂದು ಗಮನಿಸಿ, ಕಾರಣ ತಿಳಿದು, ಶಿಕ್ಷಕರೊಡನೆ ಮನೆಗೆ ಹೋಗಿ ಕರೆತರುವುದಕ್ಕೂ ಇದೇ ಮೂರು ಹೆಜ್ಜೆ ಸಾಕು.