ಯಾವ ಸೊಸೈಟಿ?

‘ಸೊಸೈಟಿ’ ಅಂದರೆ ‘ಸಮಾಜ’ ಅಂತ ನಾವೆಲ್ಲ ಶಾಲೆಯಲ್ಲಿ ಕಲಿತವರೇ. ಪರೀಕ್ಷೆಯಲ್ಲಿ ಹಾಗೆ ಬರೆದರೆ ಅಂಕವೂ ಸಿಗುತ್ತದೆ. ಆದರೆ ನಮ್ಮ ಹಳ್ಳಿಗಳಲ್ಲಿ ಯಾರಾದರೂ ‘ಸೊಸೈಟಿಗೆ ಹೋಗಿ ಬರ್ತೇನೆ’ ಅಂದರೆ ಅವರ ಕೈಯಲ್ಲಿ ಚೀಲ, ರೇಷನ್ ಕಾರ್ಡು ಇರುತ್ತದೆ. ಸೊಸೈಟಿ ಅಕ್ಕಿ, ಸೊಸೈಟಿ ಸಾಲ, ಹಾಲಿನ ಸೊಸೈಟಿ ಇವೆಲ್ಲ ಕನ್ನಡದ್ದೇ ಮಾತುಗಳಾಗಿ ಹೋಗಿವೆ. ಬೆಂಗಳೂರಿಗೆ ಹೋದರೆ ಅದೇ ಪದ ‘ಸೊಸೈಟಿ ಸೈಟು’ ಆಗುತ್ತದೆ.

ಅಹಮದಾಬಾದ್, ವಡೋದರಾ, ಸೂರತ್‌ಗಳಲ್ಲಿ ಈ ಪದಕ್ಕೆ ಇನ್ನೊಂದು ಅರ್ಥವಿದೆ. ಅಲ್ಲಿ ಪರಿಚಯವಾದ ಸ್ವಲ್ಪ ಹೊತ್ತಿಗೆ ಬರುವ ಪ್ರಶ್ನೆ, ‘ಯಾವ ಸೊಸೈಟಿಯಲ್ಲಿ ಇರುತ್ತೀರಿ?’ ಓದಲಿಕ್ಕೋ, ಕೆಲಸಕ್ಕೋ, ಸೂರತ್ತಿನ ಸೀರೆ ವ್ಯಾಪಾರಕ್ಕೋ ಹೋಗುವವರು ಈ ಪ್ರಶ್ನೆಯನ್ನು ಬರೀ ವಿಳಾಸದ ಪ್ರಶ್ನೆ ಅಂದುಕೊಳ್ಳಬಾರದು. ಅದಕ್ಕೇ ಈ ಪದವನ್ನು ಸ್ವಲ್ಪ ಬಿಡಿಸಿ ನೋಡೋಣ.

ಪದದ ಬೇರು ಲ್ಯಾಟಿನ್ನಿನ ‘ಸೋಷಿಯಸ್’. ಜೊತೆಗಾರ, ಒಡನಾಡಿ ಅಂತ ಅದರ ಅರ್ಥ. ಫ್ರೆಂಚ್ ದಾರಿಯಾಗಿ ಅದು ಇಂಗ್ಲಿಷಿಗೆ ಬಂತು. ಇಂಗ್ಲಿಷಿನಲ್ಲಿ ಮುಖ್ಯವಾಗಿ ಎರಡು ಕವಲು. ಒಂದು, ಎಲ್ಲರನ್ನೂ ಒಳಗೊಂಡ ಜನಜೀವನ. ನಾವು ‘ಸಮಾಜ’ ಅನ್ನುವುದು. ಇನ್ನೊಂದು, ಒಂದು ಉದ್ದೇಶಕ್ಕಾಗಿ ಕೆಲವರು ಸೇರಿ ಕಟ್ಟಿಕೊಂಡ ಸಂಘ. ಮೊದಲನೆಯದರಲ್ಲಿ ನಾವು ಹುಟ್ಟುತ್ತೇವೆ, ಯಾರೂ ಅರ್ಜಿ ಹಾಕಬೇಕಿಲ್ಲ. ಎರಡನೆಯದಕ್ಕೆ ಸದಸ್ಯರಾಗಬೇಕು. ಸದಸ್ಯತ್ವ ಅಂತ ಒಂದಿದ್ದ ಮೇಲೆ ‘ಇವರು ಬೇಡ’ ಅನ್ನುವುದಕ್ಕೂ ಅಲ್ಲಿ ಜಾಗ ಇದ್ದೇ ಇರುತ್ತದೆ.

ವಿದ್ಯಾರ್ಥಿಗಳು ಗಮನಿಸಬೇಕಾದ ಒಂದು ವಿಷಯ: ನಮ್ಮ ಕಾನೂನಿನಲ್ಲೂ ಸೊಸೈಟಿ ಎರಡು ಬಗೆ. ಶಾಲೆ, ಅನಾಥಾಲಯ, ಸಾಹಿತ್ಯ ಸಂಘ ಮುಂತಾದವು 1860ರ ಸೊಸೈಟಿಗಳ ನೋಂದಣಿ ಕಾಯ್ದೆಯ ವಂಶದವು. ಕರ್ನಾಟಕದಲ್ಲಿ ಅದಕ್ಕೆ 1960ರ ಪ್ರತ್ಯೇಕ ಕಾಯ್ದೆಯಿದೆ. ನಾವು ಅಂಜುಮನ್ ಅನ್ನುವುದು ಇದಕ್ಕೆ ಹತ್ತಿರದ ಪದ. 1919ರಲ್ಲಿ ಶುರುವಾದ ಭಟ್ಕಳದ ಅಂಜುಮನ್ ಹಾಮಿ ಎ ಮುಸ್ಲಿಮೀನ್ ಎಲ್ಲರಿಗೂ ಗೊತ್ತಿರುವುದೇ. ಸಾಲ, ಹಾಲು, ಪಡಿತರ, ಮನೆ ಇವುಗಳ ಸೊಸೈಟಿ ಬೇರೆ. ಅವು ಸಹಕಾರ ಸಂಘಗಳು. ಗದಗ ಜಿಲ್ಲೆಯ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಪಾಟೀಲರು ಕಟ್ಟಿದ್ದು ಈ ಬಗೆಯದು. ಅದಕ್ಕೂ ಮೊದಲು, 1889ರಲ್ಲೇ, ವಡೋದರಾದಲ್ಲಿ ‘ಅನ್ಯೋನ್ಯ ಸಹಕಾರಿ ಮಂಡಳಿ’ ಅಂತ ಒಂದು ಹುಟ್ಟಿತ್ತು. ಅನ್ಯೋನ್ಯ! ಎಷ್ಟು ಚಂದದ ಹೆಸರು ನೋಡಿ.

ಈ ‘ಮಂಡಳಿ’ ಪದವನ್ನು ಹಿಡಿದುಕೊಳ್ಳಿ, ಮುಂದಿನದು ಅರ್ಥವಾಗಲು ಬೇಕು. ಗುಜರಾತಿಯಲ್ಲಿ ಹಾಲಿನ ಸಂಘ ‘ದೂಧ್ ಮಂಡಳಿ’. ನಾವು ಸೊಸೈಟಿ ಅನ್ನುವ ಕಡೆ ಅವರು ಮಂಡಳಿ ಅನ್ನುತ್ತಾರೆ. ‘ಸಮಾಜ್’ ಅಂದರೆ ಅವರಿಗೆ ಮಾತಿನಲ್ಲಿ ಹೆಚ್ಚಾಗಿ ಜಾತಿ, ಸಮುದಾಯ: ಪಟೇಲ್ ಸಮಾಜ್, ಮೋದಿ ಸಮಾಜ್, ಸಮಾಜ್‌ನ ವಾಡಿ ಅಂದರೆ ಸಮುದಾಯದ ಮದುವೆ ಹಾಲ್. ಹೀಗೆ ಎಲ್ಲವನ್ನೂ ಬೇರೆಬೇರೆ ಪದಗಳಿಗೆ ಹಂಚಿದ ಮೇಲೆ ‘ಸೊಸೈಟಿ’ಗೆ (ಅವರ ಬಾಯಲ್ಲಿ ‘ಸೋಸಾಯಟಿ’) ಉಳಿದದ್ದು ಮನೆ ಮಾತ್ರ. ಒಂದು ಕಾಂಪೌಂಡು, ಒಂದು ಗೇಟು, ಒಳಗೆ ಮನೆಗಳು, ನಡುವೆ ‘ಕಾಮನ್ ಪ್ಲಾಟ್’ ಅನ್ನುವ ಖಾಲಿ ಜಾಗ. ನವರಾತ್ರಿಯಲ್ಲಿ ಗರ್ಬಾ ನಡೆಯುವುದು ಅಲ್ಲೇ. ಸೊಸೈಟಿಗೊಬ್ಬ ಚೇರ್‌ಮನ್, ಒಬ್ಬ ಸೆಕ್ರೆಟರಿ. ಸೆಕ್ರೆಟರಿಯ ಮಾತು ಕೆಲವೊಮ್ಮೆ ತಹಶೀಲ್ದಾರರ ಮಾತಿಗಿಂತ ಭಾರ!

(ಇನ್ನೊಂದು ಪದವನ್ನೂ ಇಲ್ಲೇ ಹೇಳಿಬಿಡುತ್ತೇನೆ. ಇಂಗ್ಲಿಷಿನಲ್ಲಿ ‘ಟೆನೆಮೆಂಟ್’ ಅಂದರೆ ಬಡವರು ಒತ್ತೊತ್ತಾಗಿ ಇರುವ ಕಟ್ಟಡದ ಚಿತ್ರ ಕಣ್ಣಿಗೆ ಬರುತ್ತದೆ. ಗುಜರಾತಿನಲ್ಲಿ ಟೆನೆಮೆಂಟ್ ಅಂದರೆ ಸೊಸೈಟಿಯೊಳಗಿನ ನೆಲದ ಮೇಲಿನ ಸ್ವಂತ ಮನೆ, ಫ್ಲ್ಯಾಟಿನವರು ಆಸೆಪಡುವಂಥದ್ದು. ಬಾಡಿಗೆಯ ಜಾಹೀರಾತು ಓದುವಾಗ ನೆನಪಿರಲಿ.)

ಈ ಗೇಟು ಎಲ್ಲಿಂದ ಬಂತು? ಅಹಮದಾಬಾದಿನ ಹಳೆಯ ಕೋಟೆಯೊಳಗಿನ ಊರು ‘ಪೋಳ್’ಗಳ ಊರು. ಪೋಳ್ ಅಂದರೆ ಬಾಗಿಲಿರುವ ಓಣಿ. ಒಳಗಿನವರು ಹೆಚ್ಚಾಗಿ ಒಂದೇ ಜಾತಿ ಅಥವಾ ಒಂದೇ ಕಸುಬಿನವರು, ರಾತ್ರಿ ಬಾಗಿಲು ಮುಚ್ಚುತ್ತಿತ್ತು. ವಡೋದರಾದಲ್ಲೂ ಪೋಳ್‌ಗಳಿವೆ, ಸೂರತ್ತಿನಲ್ಲಿ ಶೇರಿ, ಮೊಹಲ್ಲಾ. ಇಪ್ಪತ್ತನೆಯ ಶತಮಾನದಲ್ಲಿ ಜನ ಸಾಬರಮತಿ ದಾಟಿ ಪಶ್ಚಿಮಕ್ಕೆ ಮನೆ ಕಟ್ಟತೊಡಗಿದಾಗ ಸಹಕಾರ ಕಾಯ್ದೆ ಕೈಗೆ ಸಿಕ್ಕಿತು. ಹತ್ತಾರು ಜನ ಸೇರಿ ಸಂಘ ನೋಂದಾಯಿಸಿ, ಜಮೀನು ಕೊಂಡು, ಮನೆ ಕಟ್ಟಿದರು. ಗಾಳಿ ಬೆಳಕು, ನಲ್ಲಿ ನೀರು, ಅಗಲ ರಸ್ತೆ ಎಲ್ಲ ಹೊಸದು. ಆ ಹತ್ತಾರು ಜನ ಮಾತ್ರ ಬಹಳ ಸಲ ಒಂದೇ ಸಮಾಜ್‌ನವರು. ಪೋಳ್‌ನ ಬಾಗಿಲು ಸೊಸೈಟಿಯ ಉಪವಿಧಿಯೊಳಗೆ ಬಂದು ಕೂತಿತು ಅಂತ ನನಗೆ ಅನಿಸುತ್ತದೆ.

ಈ ಮಾತು ಸುಪ್ರೀಂ ಕೋರ್ಟಿನವರೆಗೂ ಹೋಗಿದೆ. ಅಹಮದಾಬಾದಿನಲ್ಲಿ ಪಾರ್ಸಿಗಳ ‘ಝೊರಾಸ್ಟ್ರಿಯನ್ ಕೋಆಪರೇಟಿವ್ ಹೌಸಿಂಗ್ ಸೊಸೈಟಿ’ ಅಂತ ಒಂದಿದೆ. ಸದಸ್ಯತ್ವ ಪಾರ್ಸಿಗಳಿಗೆ ಮಾತ್ರ ಅನ್ನುವುದು ಅದರ ಉಪವಿಧಿ. ಒಬ್ಬ ಸದಸ್ಯರು ತಮ್ಮ ಬಂಗಲೆ ಕೆಡವಿ ಫ್ಲ್ಯಾಟು ಕಟ್ಟಿ ಹೊರಗಿನವರಿಗೆ ಮಾರಲು ಹೊರಟಾಗ ತಕರಾರು ಎದ್ದಿತು. 2005ರಲ್ಲಿ ಸುಪ್ರೀಂ ಕೋರ್ಟು ಸೊಸೈಟಿಯ ಪರ ತೀರ್ಪು ಕೊಟ್ಟಿತು. ತಮಗೆ ಬೇಕಾದವರ ಜೊತೆ ಸಂಘ ಕಟ್ಟುವುದು ಸಂವಿಧಾನದ 19ನೇ ವಿಧಿ ಕೊಟ್ಟ ಹಕ್ಕು. ಸರಕಾರ ಭೇದ ಮಾಡಬಾರದೆಂಬ ಮಾತು ಖಾಸಗಿ ಸಂಘಕ್ಕೆ ಅನ್ವಯವಾಗದು ಅನ್ನುವುದು ಅದರ ಸಾರ. ಕ್ಷೀಣಿಸುತ್ತಿರುವ ಪುಟ್ಟ ಸಮುದಾಯವೊಂದು ಒಟ್ಟಿಗೆ ಬದುಕಬೇಕು ಅಂದರೆ ಅದು ಅರ್ಥವಾಗುವ ಮಾತೇ. ಆದರೆ ಅದೇ ನಿಯಮ ನಗರದ ಬಹುಸಂಖ್ಯಾತರ ಕೈಗೆ ಸಿಕ್ಕಾಗ ಫಲ ಬೇರೆ. ಮೂರು ಸಾವಿರ ಜನರ ಆಸೆಯೂ ಮೂವತ್ತು ಲಕ್ಷ ಜನರ ಬೇಲಿಯೂ ಕಾನೂನಿನ ಕಣ್ಣಿಗೆ ಒಂದೇ ಆಗಿಬಿಡುತ್ತವೆ. ಹಾಗಂತ ನಮ್ಮವರಲ್ಲಿ ಈ ಚಾಳಿ ಇಲ್ಲವೇ ಇಲ್ಲ ಅನ್ನುವಂತಿಲ್ಲ. ಆ ಜಮಾಅತಿನವರ ಸೊಸೈಟಿ, ಈ ಜಮಾಅತಿನವರ ಸೊಸೈಟಿ ಅಂತ ಇದ್ದೇ ಇವೆ.

ಉಪವಿಧಿಯ ಜೊತೆಗೆ ಇನ್ನೊಂದು ಕಾನೂನೂ ಇದೆ, ಜನ ‘ಅಶಾಂತ್ ಧಾರೋ’ ಅನ್ನುತ್ತಾರೆ. 1986ರಲ್ಲಿ ಮೊದಲು ಬಂದು 1991ರಲ್ಲಿ ಈಗಿನ ರೂಪ ಪಡೆದದ್ದು. ಗಲಭೆಗೆ ಹೆದರಿ ಜನ ಮನೆಯನ್ನು ಸಿಕ್ಕಿದ ಬೆಲೆಗೆ ಮಾರಿ ಓಡಬಾರದು ಅನ್ನುವುದು ಇದರ ಉದ್ದೇಶ, ಒಳ್ಳೆಯದೇ. ‘ಅಶಾಂತ’ ಎಂದು ಘೋಷಿಸಿದ ಪ್ರದೇಶದಲ್ಲಿ ಆಸ್ತಿ ಮಾರಲು ಕಲೆಕ್ಟರರ ಅನುಮತಿ ಬೇಕು. ಮಾರುವವರು ಸ್ವಇಚ್ಛೆಯಿಂದ, ನ್ಯಾಯವಾದ ಬೆಲೆಗೆ ಮಾರುತ್ತಿದ್ದಾರೆಯೇ ಅಂತ ಅವರು ನೋಡಬೇಕು. ಈ ಮೂರೂ ನಗರಗಳ ಅನೇಕ ಭಾಗಗಳು ಇದರ ಕೆಳಗೆ ಬರುತ್ತವೆ. ದಿನಬಳಕೆಯಲ್ಲಿ ಮಾತ್ರ ಇದು ಹಿಂದೂ ಮಾರಾಟಗಾರ, ಮುಸ್ಲಿಂ ಖರೀದಿದಾರ ಎದುರಾದಾಗ ನೆನಪಾಗುವ ಕಾನೂನು. ವಡೋದರಾದಲ್ಲಿ ಒಂದು ಅಂಗಡಿಯ ಮಾರಾಟಕ್ಕೆ ಅಕ್ಕಪಕ್ಕದವರು ಅಡ್ಡಿ ತಂದರು. ಗುಜರಾತ್ ಹೈಕೋರ್ಟು 2020ರಲ್ಲಿ ಖರೀದಿದಾರರ ಪರ ನಿಂತಿತು. 2023ರಲ್ಲಿ, ಮತ್ತೆ ತಕರಾರು ತಂದವರಿಗೆ 25 ಸಾವಿರ ರೂಪಾಯಿ ದಂಡವನ್ನೂ ಹಾಕಿತು. ಅಂದರೆ ಕೋರ್ಟಿನ ಬಾಗಿಲು ಮುಚ್ಚಿಲ್ಲ, ಆದರೆ ಒಂದು ಅಂಗಡಿ ಕೊಳ್ಳಲು ಅಷ್ಟು ವರ್ಷ ಓಡಾಡುವ ಶಕ್ತಿ ಎಷ್ಟು ಜನರಿಗಿದೆ ಹೇಳಿ.

ಹೀಗಾಗಿ ಅಲ್ಲಿ ಸೊಸೈಟಿಯ ಹೆಸರು ಹೇಳಿದರೆ ಧರ್ಮ, ಜಾತಿ, ಸಂಬಳ ಎಲ್ಲ ಹೇಳಿದ ಹಾಗೆ. ಅಹಮದಾಬಾದಿನ ಜುಹಾಪುರ 1973ರ ಸಾಬರಮತಿ ನೆರೆಯಲ್ಲಿ ಮನೆ ಕಳೆದುಕೊಂಡ ಬಡವರಿಗಾಗಿ ಕಟ್ಟಿದ ಸಂಕಲಿತ ನಗರದಿಂದ ಬೆಳೆದದ್ದು. ಆಗ ಅಲ್ಲಿ ಹಿಂದೂಗಳೂ ಇದ್ದರು. ಒಂದೊಂದು ಗಲಭೆಯ ನಂತರ ಅವರು ಹೊರಗೆ, ಇವರು ಒಳಗೆ. ಈಗ ಅಲ್ಲಿ ವಕೀಲರು, ವೈದ್ಯರು, ನಿವೃತ್ತ ಅಧಿಕಾರಿಗಳೂ ಇದ್ದಾರೆ. ಬೇರೆ ಕಡೆ ಕೊಳ್ಳುವ ಹಣವಿದ್ದರೂ ಸೊಸೈಟಿ ಸಿಗದವರು. ಜುಹಾಪುರಕ್ಕೂ ಪಕ್ಕದ ಬಡಾವಣೆಗೂ ನಡುವಿನ ಗೆರೆಗೆ ಜನ ‘ಬಾರ್ಡರ್’ ಅನ್ನುತ್ತಾರೆ. ಅದೂ ಇಂಗ್ಲಿಷ್ ಪದವೇ.

ಈ ಪದ ಕನ್ನಡದ ಕಿವಿಗೆ ಮೊದಲು ಬಿದ್ದದ್ದು ಬಹುಶಃ ‘ಗುಲ್ಬರ್ಗ್ ಸೊಸೈಟಿ’ಯಿಂದ. ನಮ್ಮ ಗುಲ್ಬರ್ಗಕ್ಕೂ ಅದಕ್ಕೂ ಸಂಬಂಧವಿಲ್ಲ. ಅಹಮದಾಬಾದಿನ ಚಮನಪುರದಲ್ಲಿ, ಸುತ್ತ ಹಿಂದೂ ಬಡಾವಣೆಗಳ ನಡುವೆ ಇದ್ದ ಮಧ್ಯಮ ವರ್ಗದ ಮುಸ್ಲಿಮರ ವಸತಿ ಸೊಸೈಟಿ ಅದು. 2002ರ ಫೆಬ್ರವರಿ 28ರಂದು ಅಲ್ಲಿ 69 ಜನರನ್ನು ಕೊಲ್ಲಲಾಯಿತು, ಲೋಕಸಭೆಯ ಮಾಜಿ ಸದಸ್ಯ ಎಹ್ಸಾನ್ ಜಾಫ್ರಿ ಸೇರಿದಂತೆ. ಅಂದು ಕಾಂಪೌಂಡಿನ ಗೋಡೆ ಯಾರನ್ನೂ ಕಾಯಲಿಲ್ಲ.

ಕೊನೆಗೆ ಅನುವಾದದ ಒಂದು ತೊಡಕು. ವಡೋದರಾದ ಹರಣಿಯಲ್ಲಿ ಮೋತನಾಥ್ ರೆಸಿಡೆನ್ಸಿ ಅಂತ 462 ಮನೆಗಳ ಸರಕಾರಿ ವಸತಿ ಸಮುಚ್ಚಯವಿದೆ. ಮುಖ್ಯಮಂತ್ರಿ ಆವಾಸ್ ಯೋಜನೆಯಲ್ಲಿ ಕಟ್ಟಿದ್ದು. 2017ರಲ್ಲಿ ಅಲ್ಲಿ ಒಬ್ಬ ಮುಸ್ಲಿಂ ಮಹಿಳೆಗೆ ಫ್ಲ್ಯಾಟು ಮಂಜೂರಾಯಿತು. ಅವರು ಬರುವುದು ಬೇಡ ಅಂತ ತಕರಾರು ಎದ್ದು, 2024ರ ಜೂನ್‌ನಲ್ಲಿ ಪ್ರತಿಭಟನೆಯೇ ನಡೆಯಿತು. ಇದು ಖಾಸಗಿಯವರು ಕೂಡಿ ಕಟ್ಟಿದ ಸಂಘವಲ್ಲ, ಪಾಲಿಕೆ ಕಟ್ಟಿದ ಮನೆಗಳು. 2005ರ ತೀರ್ಪಿನ ನೆರಳೂ ಇಲ್ಲಿಗೆ ಬೀಳದು. ಇಂಥ ಸುದ್ದಿ ಇಂಗ್ಲಿಷಿನಲ್ಲಿ ‘ಸೊಸೈಟಿಯ ವಿರೋಧ’ ಅಂತ ಬಂದರೆ, ಅವಸರದ ಕನ್ನಡದಲ್ಲಿ ಅದು ‘ಸಮಾಜದ ವಿರೋಧ’ ಆಗಿಬಿಡಬಹುದು. ಹರಣಿಯಲ್ಲಿ ಅಧಿಕಾರಿಗಳಿಗೆ ಕೊಟ್ಟ ದೂರಿಗೆ ಸಹಿ ಹಾಕಿದವರು 33 ಮಂದಿ. ಸರಕಾರ ಕೊಟ್ಟ ಮನೆ ಅದು, ಆಕೆಗೆ ಹಕ್ಕಿದೆ ಎಂದ ನಿವಾಸಿಯೂ ಅಲ್ಲೇ ಇದ್ದರು. ಅಂಥ ಕಡೆ ‘ಸೊಸೈಟಿ’ಯನ್ನು ‘ವಸತಿ ಸಂಘದ ಕೆಲವು ಸದಸ್ಯರು’ ಅಂತ ಬರೆಯಿರಿ. ಶೀರ್ಷಿಕೆ ಸ್ವಲ್ಪ ಉದ್ದವಾಗುತ್ತದೆ, ಆಗಲಿ ಬಿಡಿ.