ಹಳೇ ಗಾಯ, ಹಸಿರು ವಾಂತಿ

ಮಗು ಹಸಿರಾಗಿ ವಾಂತಿ ಮಾಡಿದರೆ 'ಪಿತ್ತ ಕೆದರೇದ' ಎಂದು ನಿಂಬೆರಸ ಕುಡಿಸಿ ಕಾಯುವುದುಂಟು. ಬಂದದ್ದು ಪಿತ್ತರಸವೇ, ಸುಳ್ಳಲ್ಲ. ಆದರೆ ಕೆಳಗೆ ಹರಿಯಬೇಕಾದದ್ದು ಮೇಲೆ ಬಂದಿದೆಯೆಂದರೆ ಕರುಳಿನ ದಾರಿ ಕಟ್ಟಿರಬಹುದು. ಹೊಟ್ಟೆಯ ಮೇಲೆ ಹಳೆಯ ಆಪರೇಷನ್ನಿನ ಕಲೆಯಿದ್ದರಂತೂ ಅನುಮಾನ ಗಟ್ಟಿ.

ಕರುಳಿನ ಹೊರಮೈಗೆ ನುಣುಪಾದ ತೆಳುಪೊರೆಯಿದೆ. ಆಪರೇಷನ್ನಿನಲ್ಲಿ ಕೈ ತಾಗಿ, ಗಾಳಿಗೆ ಒಣಗಿ, ಕೀವು ಹರಡಿ ಅದು ತರಚಿದಾಗ ದೇಹ ಕೆಲವೇ ಗಂಟೆಗಳಲ್ಲಿ ಫೈಬ್ರಿನ್ ಎಂಬ ಅಂಟು ಬಳಿಯುತ್ತದೆ. ಕೆಲವು ದಿನಗಳಲ್ಲಿ ಅದು ಕರಗಿ ಹೊಸ ಪೊರೆ ಬೆಳೆಯಬೇಕು. ಕರಗದೆ ಉಳಿದರೆ ನಾರುಕಟ್ಟಿ, ಕರುಳಿನ ಸುರುಳಿಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಸರ್ಜನ್‌ ಗ್ಲೌಸಿನ ಪೌಡರ್ ಕೂಡ ಇದಕ್ಕೆ ಕಾರಣವಾಗುತ್ತಿತ್ತು. ಅಮೆರಿಕ 2017ರಲ್ಲಿ ಅಂಥ ಗ್ಲೌಸನ್ನೇ ನಿಷೇಧಿಸಿತು. ಹೆಚ್ಚಿನ ಮಕ್ಕಳಿಗೆ ಈ ಅಂಟಿನಿಂದ ಏನೂ ಆಗದು. ಒಡೆದ ಅಪೆಂಡಿಕ್ಸ್, ಟೈಫಾಯ್ಡಿನಿಂದ ತೂತಾದ ಕರುಳು ಇವಕ್ಕೆ ಆಪರೇಷನ್ ಆದವರಲ್ಲಿ ಅಪಾಯ ಹೆಚ್ಚು. ಕರುಳು ಕಟ್ಟುವುದು ಬಹುತೇಕ ಮೊದಲೆರಡು ವರ್ಷಗಳಲ್ಲಿ ಕಾಣಿಸಿಕೊಂಡರೂ, ದಶಕಗಳ ನಂತರ ಕಾಡಿದ್ದೂ ಇದೆ.

ಎಲ್ಲರಿಗೂ ಚಾಕು ಬೇಕಿಲ್ಲ. ಬಾಯಿಗೆ ಏನೂ ಕೊಡದೆ, ಮೂಗಿನಿಂದ ಹೊಟ್ಟೆಗೆ ನಳಿಕೆ ಇಳಿಸಿ, ಡ್ರಿಪ್ ಹಾಕಿ ಒಂದೆರಡು ದಿನ ನೋಡುತ್ತಾರೆ. ಎಷ್ಟೋ ಕರುಳು ತಾನೇ ಬಿಡಿಸಿಕೊಳ್ಳುತ್ತದೆ. ಜ್ವರ, ಏರಿದ ನಾಡಿ, ಮುಟ್ಟಿದರೆ ಚೀರುವ ಬಿಗಿಹೊಟ್ಟೆ ಕಂಡರೆ ಮಾತ್ರ ಕಾಯುವಂತಿಲ್ಲ. ರಕ್ತ ನಿಂತ ಕರುಳು ಕೊಳೆತರೆ ಅಷ್ಟನ್ನು ಕತ್ತರಿಸಬೇಕು. ಹೆಚ್ಚು ಕತ್ತರಿಸಿದರೆ ಉಂಡದ್ದು ಮೈಗೆ ಹತ್ತದು, ರಕ್ತನಾಳದ ಮೂಲಕವೇ ತಿಂಗಳುಗಟ್ಟಲೆ ಪೋಷಣೆ. ಇನ್ನೊಂದು ಕಿರಿಕಿರಿಯೆಂದರೆ, ಅಂಟು ಬಿಡಿಸುವ ಆಪರೇಷನ್ನೇ ಹೊಸ ಅಂಟಿಗೆ ದಾರಿ. ದುರ್ಬೀನಿನ ಶಸ್ತ್ರಚಿಕಿತ್ಸೆಯಲ್ಲಿ ಇದು ಕಡಿಮೆ.

ಇಂಥ ಚಿಕಿತ್ಸೆಗೆ ಹಲಕುಂದಿಯಿಂದ ಬಳ್ಳಾರಿಯ ಆಸ್ಪತ್ರೆ ಬಿಎಂಸಿಆರ್‌ಸಿ, ಅಂದರೆ ಹಳಬರ ವಿಮ್ಸ್, ಹತ್ತಿರ. ಸಿರುಗುಪ್ಪದವರಿಗೆ 50 ಕಿಲೋಮೀಟರಿಗೂ ಹೆಚ್ಚು. ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಕೊಡುತ್ತದೆ. ಆದರೆ ಜೀನ್ಸ್ ಹೊಲಿಯುವ ತಾಯಿಯ ಪೀಸ್ ಲೆಕ್ಕದ ಕೂಲಿ, ಮೆಣಸಿನಕಾಯಿ ಬಿಡಿಸುವ ಹಂಗಾಮಿನಲ್ಲಿ ತಪ್ಪಿದ ಪಾಳಿ, ಕಾಯುವವರ ಊಟ, ಬಸ್ಸು ಯಾವ ಪ್ಯಾಕೇಜಿಗೂ ಸೇರವು. ಮೊದಲ ಸಲದ ಸಾಲ ತೀರುವ ಮುಂಚೆಯೇ ಎರಡನೆಯ ಸಲ ಬಂದರೆ ಲೆಕ್ಕ ಇನ್ನೂ ಕೆಡುತ್ತದೆ.

ಡ್ಯೂಟಿ ಡಾಕ್ಟರು ಮೊದಲು ಕೇಳುವುದು ಹಳೆಯ ಡಿಸ್ಚಾರ್ಜ್ ಚೀಟಿ. ಎಲ್ಲಿ ಕೊಯ್ದರು, ಒಳಗೆ ಕೀವಿತ್ತೇ, ಕರುಳು ಕತ್ತರಿಸಿದ್ದರೇ ಎಂಬುದೆಲ್ಲ ಅದರಲ್ಲಿರುತ್ತದೆ. ಫೋನಿನಲ್ಲಿ ಅದರದೊಂದು ಫೋಟೋ ಇದ್ದರೂ ಸಾಕು.