ಅರಿವಿಗೊಂದು ಕುರುಹು: ದತ್ತಾಂಶ ಕೇಂದ್ರದ ಡಿಜಿಟಲ್ ಅವಳಿ



ಸಕಲೇಶಪುರ, ಆಲೂರು ಸೀಮೆಯ ಕಾಫಿ ಬೆಳೆಗಾರರಿಗೆ ಪಹಣಿಯೆಂಬುದು ಬದುಕಿನ ಆಧಾರಪತ್ರ. ಬೆಳೆಸಾಲಕ್ಕೂ ಮಳೆಹಾನಿ ಪರಿಹಾರಕ್ಕೂ ಅದು ಬೇಕು. ಕೈಬರಹದ ಪಹಣಿಗಳು ಈ ಶತಮಾನದ ಆರಂಭದಲ್ಲಿ ‘ಭೂಮಿ’ ಯೋಜನೆಯ ಮೂಲಕ ಗಣಕೀಕೃತಗೊಂಡವು. ಇಂದು ಇಂತಹ ದಾಖಲೆಗಳು ದೂರದ ದತ್ತಾಂಶ ಕೇಂದ್ರಗಳನ್ನು ನೆಚ್ಚಿಕೊಂಡಿವೆ. ‘ಸರ್ವರ್ ಡೌನ್’ ಎಂಬ ಮಾತು ಕೇಳಿ ಆಷಾಢದ ಮಳೆಯಲ್ಲಿ ಬರಿಗೈಯಲ್ಲಿ ಮರಳಿದವರಿಗೆ ಅವು ನಿಲ್ಲದೆ ನಡೆಯಬೇಕಾದ ಅಗತ್ಯವನ್ನು ಬೇರೆ ಹೇಳಬೇಕಿಲ್ಲ.

ದತ್ತಾಂಶ ಕೇಂದ್ರವೆಂದರೆ ಸಾಲುಸಾಲಾಗಿ ಜೋಡಿಸಿದ ಗಣಕಗಳ ಕಟ್ಟಡ. ಅವು ಹಗಲಿರುಳೂ ಕಾವನ್ನು ಹೊರಸೂಸುತ್ತವೆ. ಆದ್ದರಿಂದ ಅವುಗಳಿಗೆ ಸಾಮಾನ್ಯವಾಗಿ 18ರಿಂದ 27 ಡಿಗ್ರಿ ಸೆಲ್ಸಿಯಸ್ ಉಷ್ಣತೆಯ ಗಾಳಿಯನ್ನು ಒದಗಿಸಬೇಕೆಂಬುದು ತಜ್ಞರ ಮಾರ್ಗಸೂಚಿ. ಏಲಕ್ಕಿ ಒಣಗಿಸುವ ಕೋಣೆಯಲ್ಲಿ ಒಂದು ತಟ್ಟೆಯನ್ನು ಸರಿಸಿದರೂ ಬಿಸಿಗಾಳಿಯ ಹಾದಿ ಬದಲಾಗುವಂತೆ, ಇಲ್ಲಿ ಒಂದು ಯಂತ್ರವನ್ನು ಸೇರಿಸಿದರೂ ತಂಪಿನ ಹಂಚಿಕೆ ಏರುಪೇರಾಗಬಹುದು.

ಇದನ್ನು ಮೊದಲೇ ಅರಿಯಲು ನೆರವಾಗುವುದೇ ಡಿಜಿಟಲ್ ಅವಳಿ. ಇದು ಕಟ್ಟಡ, ವಿದ್ಯುತ್ತು, ಗಾಳಿಯ ಚಲನೆ ಎಲ್ಲವನ್ನೂ ಹೋಲುವ ಗಣಕದೊಳಗಿನ ಪ್ರತಿರೂಪ. ಬರಿಯ ನಕ್ಷೆ ಒಮ್ಮೆ ಬರೆದರೆ ಮುಗಿಯಿತು. ಅವಳಿಯಾದರೋ ಸಂವೇದಕಗಳು ಕಳುಹಿಸುವ ಅಳತೆಗಳಿಂದ ಸದಾ ಹೊಸದಾಗುತ್ತಿರುತ್ತದೆ. ಒಂದು ಶೀತಕ ಕೆಟ್ಟರೆ ಯಾವ ಸಾಲು ಮೊದಲು ಬಿಸಿಯಾಗುವುದೆಂಬುದನ್ನು ನಿಜವಾದ ಯಂತ್ರವನ್ನು ಮುಟ್ಟದೆ ಪರೀಕ್ಷಿಸಬಹುದು. ಅಗತ್ಯಕ್ಕಿಂತ ಹೆಚ್ಚು ತಂಪು ಮಾಡುವುದು ತಪ್ಪಿದರೆ ವಿದ್ಯುತ್ತೂ ನೀರೂ ಉಳಿಯುತ್ತವೆ. ವರ್ಚುವಲ್ ರಿಯಾಲಿಟಿಯ ಕನ್ನಡಕ ಧರಿಸಿದ ತಂತ್ರಜ್ಞರು ಈ ಪ್ರತಿರೂಪದೊಳಗೆ ನಡೆದಾಡಿ, ಬೆಂಕಿ ಅವಘಡದಂತಹ ಸಂದರ್ಭಗಳನ್ನು ಅಪಾಯವಿಲ್ಲದೆ ಅಭ್ಯಾಸ ಮಾಡುತ್ತಾರೆ.

ಈ ಚಿಂತನೆಯ ಬೇರು ಬಾಹ್ಯಾಕಾಶದಲ್ಲಿದೆ. 1970ರಲ್ಲಿ ಅಪೊಲೊ 13 ನೌಕೆ ಅಪಾಯಕ್ಕೆ ಸಿಲುಕಿದಾಗ, ಭೂಮಿಯ ಮೇಲಿನ ಅನುಕರಣ ಯಂತ್ರಗಳಲ್ಲಿ ಪಾರಾಗುವ ಕ್ರಮಗಳನ್ನು ಪರೀಕ್ಷಿಸಲಾಯಿತು. ದೂರದ ವಸ್ತುವನ್ನು ಸಂಕೇತಗಳಿಂದಲೇ ಅರಿಯುವ ಕಾಯಕ ನಮ್ಮ ಹಾಸನಕ್ಕೂ ಹೊಸದಲ್ಲ. ಇಲ್ಲಿನ ಇಸ್ರೋ ಮುಖ್ಯ ನಿಯಂತ್ರಣ ಕೇಂದ್ರವು ಸುಮಾರು 36,000 ಕಿಲೋಮೀಟರ್ ಎತ್ತರದ ಉಪಗ್ರಹಗಳನ್ನು ದಶಕಗಳಿಂದ ನೋಡಿಕೊಳ್ಳುತ್ತಿದೆ.

ಶರಣರು ಕುರುಹನ್ನು ಅರಿವಿನ ಸಾಧನವೆಂದು ಕಂಡರು. ಕುರುಹಿನಲ್ಲೇ ನಿಂತವನಿಗೆ ಅರಿವು ದೊರೆಯದು. ಅವಳಿಯೂ ಒಂದು ಕುರುಹೇ. ಸಂವೇದಕ ತಪ್ಪು ಹೇಳಿದರೆ, ಮಾಡಿದ ಬದಲಾವಣೆಯನ್ನು ದಾಖಲಿಸದಿದ್ದರೆ, ಪರದೆಯ ಮೇಲೆ ಎಲ್ಲವೂ ಕ್ಷೇಮವಾಗಿ ಕಾಣುವಾಗಲೇ ಯಂತ್ರ ಕೆಟ್ಟಿರಬಹುದು. ನುಡಿಯೂ ನಡೆಯೂ ಒಂದಾಗಿರಬೇಕೆಂಬ ಶರಣರ ನಿಯಮ ಇಲ್ಲಿಯೂ ಸಲ್ಲುತ್ತದೆ. ಈ ವಿದ್ಯೆಯನ್ನು ಕಲಿಯುತ್ತಿರುವ ಮಲೆನಾಡಿನ ಯುವಜನರು ತಮ್ಮ ಕಾಯಕದ ಕೊನೆಯಲ್ಲಿ ಒಬ್ಬ ರೈತನ ಪಹಣಿಯಿದೆ ಎಂಬುದನ್ನು ಮರೆಯದಿರಲೆಂದು ಆಶಿಸುತ್ತೇವೆ.